ಕಲ್ಲಿನ ಗೋಡೆ, ತೆಂಗಿನ ಬೇರು

ಬೆಂಗಳೂರಿನ ಗಾಂಧಿನಗರವೆಂದರೆ ಇಂದು ಅಂಗಡಿಗಳೂ ವಸತಿಗೃಹಗಳೂ ಚಿತ್ರಮಂದಿರಗಳೂ ಕಿಕ್ಕಿರಿದ ಬಡಾವಣೆ. ಅದರ ಮಗ್ಗುಲಲ್ಲೇ ಕೆಂಪೇಗೌಡ ಬಸ್ ನಿಲ್ದಾಣವಿದೆ. ಹಿಂದೆ ಅಲ್ಲಿ ಧರ್ಮಾಂಬುಧಿ ಕೆರೆಯ ನೀರು ನಿಲ್ಲುತ್ತಿತ್ತು. ಮುಖ್ಯರಸ್ತೆಯ ಗದ್ದಲವನ್ನು ಬಿಟ್ಟು ಅಡ್ಡರಸ್ತೆಗಳನ್ನು ಹೊಕ್ಕರೆ, ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಮನೆಗಳ ಹಿತ್ತಿಲಿನಿಂದ ತೆಂಗಿನ ಮರಗಳು ತಲೆಯೆತ್ತಿ ನಿಂತಿರುವುದು ಕಾಣುತ್ತದೆ. ಮರದ ಬುಡಕ್ಕೆ ಒಂದೆರಡು ಮಾರು ದೂರದಲ್ಲಿಯೇ ಸೈಜುಗಲ್ಲಿನ ಕಾಂಪೌಂಡ್ ಗೋಡೆ. ಕಲ್ಲೂ ತೆಂಗೂ ಹೀಗೆ ಒಂದರ ಪಕ್ಕದಲ್ಲೊಂದು ಹಲವು ದಶಕಗಳನ್ನು ಕಳೆದಿವೆ.

ಇಂತಹ ಒಂದು ಹಿತ್ತಿಲಿನಲ್ಲಿ ಎರಡು ಮರಗಳಿದ್ದುವು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವ ಸಿದ್ಧತೆ ನಡೆದಿತ್ತು. ನಾವು ಅಲ್ಲಿಗೆ ಹೋಗಿದ್ದ ದಿನ ಮೇಸ್ತ್ರಿಯು ಗೋಡೆಯ ಬಳಿಯ ಮರವನ್ನು ತೋರಿಸಿ, “ಈ ಮರ ಇರಬಾರದಮ್ಮಾ, ಬೇರು ಪಾಯ ಒಡೆದುಬಿಡುತ್ತೆ” ಎಂದನು. ಮನೆಯ ಹಿರಿಯರಾದ ಆ ತಾಯಿ, “ನಮ್ಮ ಮಾವನವರು ಇಟ್ಟ ಗಿಡ ಕಣಪ್ಪ. ನಲವತ್ತು ವರ್ಷ ಒಡೆಯದ ಪಾಯ ಈಗ ಒಡೆಯುತ್ತದೆಯೇ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವ ವ್ಯವಧಾನ ಯಾರಿಗೂ ಇರಲಿಲ್ಲ. ಮರುದಿನವೇ ಮರ ಉರುಳಿತು. ಆಮೇಲೆ ಹಳೆಯ ಪಾಯವನ್ನು ಅಗೆದಾಗ ಕಂಡುದೇನು? ಬೆರಳು ಗಾತ್ರದ ನೂರಾರು ಬೇರುಗಳು ಕಲ್ಲಿನವರೆಗೆ ಬಂದು, ಅಲ್ಲಿ ತಿರುಗಿ, ಕಲ್ಲಿನ ಮೈಯನ್ನು ಸವರಿಕೊಂಡು ಪಕ್ಕಕ್ಕೆ ಹರಿದು ಹೋಗಿದ್ದುವು. ಒಂದು ಕಲ್ಲೂ ತನ್ನ ಸ್ಥಾನದಿಂದ ಕದಲಿರಲಿಲ್ಲ.

ಆ ತಾಯಿಯ ಪ್ರಶ್ನೆಗೆ ಸಸ್ಯಶಾಸ್ತ್ರದಲ್ಲಿ ಉತ್ತರವಿದೆ. ಕಲ್ಲಿನ ಕೆಲಸವೂ ತಾಳೆಯ ಜಾತಿಯ ಮರಗಳೂ ಒಂದೇ ತೋಟದಲ್ಲಿ ಹೇಗೆ ಬಾಳಬಲ್ಲುವು, ಎಲ್ಲಿ ಅವುಗಳಿಗೆ ವಿರೋಧ ಬರುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬೇರಿನ ರೀತಿ

ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ನಾವೆಲ್ಲರೂ ನೋಡಿದ್ದೇವೆ. ಮೊದಲ ವರ್ಷ ಅದರ ಬೇರು ದಾರದಂತಿರುತ್ತದೆ. ಹತ್ತು ವರ್ಷ ಬಿಟ್ಟು ನೋಡಿದರೆ ತೋಳಿನ ಗಾತ್ರವಾಗಿ ಗೋಡೆಯನ್ನು ಸೀಳಿರುತ್ತದೆ. ಅರಳಿ, ಆಲ, ಮಾವು ಮೊದಲಾದ ದ್ವಿದಳ ಸಸ್ಯಗಳ ಕಾಂಡದಲ್ಲಿಯೂ ಬೇರಿನಲ್ಲಿಯೂ ತೊಗಟೆಗೂ ಮರಕ್ಕೂ ನಡುವೆ ಕೇಂಬಿಯಂ ಎಂಬ ತೆಳುವಾದ ಬೆಳೆಯುವ ಪೊರೆಯಿದೆ. ಈ ಪೊರೆ ವರ್ಷ ವರ್ಷವೂ ಹೊಸ ಮರವನ್ನು ಕೂಡಿಸುತ್ತ ಹೋಗುವುದರಿಂದ ಬೇರು ದಪ್ಪವಾಗುತ್ತದೆ. ಬಿರುಕಿನೊಳಗೆ ಸಿಕ್ಕಿದ ಬೇರು ದಪ್ಪವಾಗುವಾಗ ಬೆಣೆಯಂತೆ ಕೆಲಸ ಮಾಡುತ್ತದೆ.

ತೆಂಗು, ಅಡಕೆ, ಈಚಲು, ಬಗನಿ, ತಾಳೆ ಇವೆಲ್ಲವೂ ಏಕದಳ ಸಸ್ಯಗಳು. ಹುಲ್ಲಿಗೂ ಬಾಳೆಗೂ ದೂರದ ಬಂಧುಗಳು. ಇವುಗಳಲ್ಲಿ ಕೇಂಬಿಯಂ ಇಲ್ಲ. ಎಳೆಯ ತೆಂಗು ಮೊದಲ ಕೆಲವು ವರ್ಷಗಳನ್ನು ಬುಡವನ್ನು ಅಗಲಿಸಿಕೊಳ್ಳುವುದರಲ್ಲಿಯೇ ಕಳೆದು, ಆ ಬಳಿಕ ಮೇಲಕ್ಕೆ ಏಳುತ್ತದೆ. ಹಾಗೆ ಒಮ್ಮೆ ರೂಪುಗೊಂಡ ಕಾಂಡ ಮುಂದೆ ಮಾವಿನಂತೆ ವರ್ಷ ವರ್ಷವೂ ಸುತ್ತು ಸುತ್ತಾಗಿ ದಪ್ಪವಾಗುವುದಿಲ್ಲ. ಹತ್ತಲು ಅನುಕೂಲವಾಗಲೆಂದು ಕೆಲವರು ತೆಂಗಿನ ಕಾಂಡದಲ್ಲಿ ಕಚ್ಚುಗಳನ್ನು ಕಡಿಯುವುದುಂಟು. ಮಾವಿನ ಗಾಯ ಕಾಲಕ್ರಮದಲ್ಲಿ ತೊಗಟೆಯಿಂದ ಮುಚ್ಚಿಹೋಗುತ್ತದೆ. ತೆಂಗಿನ ಕಚ್ಚು ಮರವಿರುವವರೆಗೂ ಹಾಗೆಯೇ ಉಳಿಯುತ್ತದೆ. ಕೇಂಬಿಯಂ ಇಲ್ಲವೆಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷ್ಯ ಬೇಡ.

ಬೇರಿನ ಕಥೆಯೂ ಇದೇ. ತೆಂಗಿಗೆ ತಾಯಿಬೇರಿಲ್ಲ. ಕಾಂಡದ ಬುಡದಿಂದ ಹಗ್ಗದಂತಹ ಬೇರುಗಳು ನಾಲ್ಕು ಕಡೆಗೂ ಹೊರಡುತ್ತವೆ. ನಡುವಯಸ್ಸಿನ ಆರೋಗ್ಯವಂತ ಮರದಲ್ಲಿ ಇಂತಹ ಬೇರುಗಳು 4000ದಿಂದ 7000ದವರೆಗೆ ಇರಬಹುದು. ಒಂದೊಂದರ ಗಾತ್ರ ಸುಮಾರು ಒಂದು ಸೆಂಟಿಮೀಟರ್. ಹುಟ್ಟಿದಾಗ ಎಷ್ಟು ದಪ್ಪವೋ ಸಾಯುವಾಗಲೂ ಬಹುಮಟ್ಟಿಗೆ ಅಷ್ಟೇ ದಪ್ಪ. ಹಳೆಯ ಬೇರು ಸತ್ತರೆ ಬುಡದಿಂದ ಹೊಸದೊಂದು ಹೊರಡುತ್ತದೆ. ದಪ್ಪವಾಗದ ಬೇರು ಬೆಣೆಯಾಗಲಾರದು. ಗಟ್ಟಿ ಕಲ್ಲು ಎದುರಾದರೆ ಬಳಸಿಕೊಂಡು ಹೋಗುತ್ತದೆ. ಗಾಂಧಿನಗರದ ಪಾಯ ಕದಲದೆ ಉಳಿದುದಕ್ಕೆ ಇದೇ ಕಾರಣ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಒಂದೊಂದು ಬೇರೂ ದಪ್ಪವಾಗದಿದ್ದರೂ, ಹೊಸ ಬೇರುಗಳು ಬಂದು ಕೂಡುತ್ತ ಹೋದಂತೆ ಬೇರುಗಳ ಕಟ್ಟು ಬುಡದಲ್ಲಿ ಹಿಗ್ಗುತ್ತದೆ. ಆದುದರಿಂದ ಕಾಂಡಕ್ಕೆ ಅಂಟಿಸಿ ಹಾಸಿದ ಚಪ್ಪಡಿ ಏಳುವುದುಂಟು. ಇದು ಮರದ ತಪ್ಪಲ್ಲ, ಜಾಗ ಬಿಡದವರ ತಪ್ಪು.

ಈ ಬೇರುಗಳು ಎಷ್ಟು ದೂರ ಹೋಗುತ್ತವೆ? ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ 1916ರಲ್ಲಿಯೇ ಆರಂಭವಾಯಿತು. ಅಲ್ಲಿನ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಮಣ್ಣನ್ನು ಎಚ್ಚರಿಕೆಯಿಂದ ಬಿಡಿಸಿ ಬೇರುಗಳನ್ನು ಲೆಕ್ಕ ಹಾಕಿದಾಗ, ಚೆನ್ನಾಗಿ ನೋಡಿಕೊಂಡ ತೋಟದಲ್ಲಿ ಸುಮಾರು ಮುಕ್ಕಾಲು ಪಾಲು ಬೇರುಗಳು ಬುಡದಿಂದ 2 ಮೀಟರ್ ತ್ರಿಜ್ಯದ ವೃತ್ತದೊಳಗೆಯೇ ಇರುವುದು ತಿಳಿದುಬಂದಿತು. ತೆಂಗಿಗೆ ಗೊಬ್ಬರವನ್ನೂ ನೀರನ್ನೂ 1.8 ಮೀಟರ್, ಎಂದರೆ ಆರಡಿ, ತ್ರಿಜ್ಯದ ಪಾತಿಯಲ್ಲಿ ಕೊಡಬೇಕೆಂಬ ಸಲಹೆಗೆ ಇದೇ ಆಧಾರ. ಈ ಎರಡು ಮೀಟರಿನ ಅಳತೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ನಮಗೆ ಅಳತೆಗೋಲು.

ಬೆಂಗಳೂರಿನ ಕಲ್ಲು

ಇನ್ನು ಕಲ್ಲಿನ ವಿಚಾರ. ಬೆಂಗಳೂರಿನವರು ಕಲ್ಲನ್ನು ದೂರದಿಂದ ತರಬೇಕಾಗಿರಲಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಬಳಿ ನಿಂತರೆ ನಮ್ಮ ಕಾಲಡಿಯಲ್ಲಿರುವುದು ಸುಮಾರು 300 ಕೋಟಿ ವರ್ಷ ವಯಸ್ಸಿನ ನೈಸ್ ಶಿಲೆ. ಬಸವನಗುಡಿಯ ಕಹಳೆ ಬಂಡೆಯೂ ಇದೇ ಶಿಲೆಯದು. ಬೆಳ್ಳಗಿನ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್, ಕಪ್ಪಗಿನ ಅಭ್ರಕ, ಇವುಗಳ ಪಟ್ಟೆಗಳು ಅಲೆಅಲೆಯಾಗಿ ಅದರಲ್ಲಿ ಕಾಣುತ್ತವೆ. ದಕ್ಷಿಣ ಭಾರತದ ಬಹುಭಾಗಕ್ಕೆ ತಳಹದಿಯಾದ ಈ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನು 1916ರಲ್ಲಿ ಕೊಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು.

ಬಿಸಿಲಿಗೂ ತಂಪಿಗೂ ಒಡ್ಡಿಕೊಂಡ ಇಂತಹ ಬಂಡೆಯ ಮೇಲ್ಪದರಗಳು ಈರುಳ್ಳಿಯ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತವೆ. ಈ ಗುಣವನ್ನರಿತ ಕಲ್ಲುಕುಟಿಗರು ಬಂಡೆಯ ಮೇಲೆ ಕಟ್ಟಿಗೆಯ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ ಹೋಗಿ ಅಗಲವಾದ ಪದರಗಳನ್ನು ಎಬ್ಬಿಸುತ್ತಿದ್ದರು. ಹೀಗೆ ದೊರೆತ ಚಪ್ಪಡಿಗಳನ್ನು ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ರೈತರು ಹೊಲದ ಅಂಚಿನಲ್ಲಿ ನೆಟ್ಟು ಬೇಲಿ ಮಾಡಿದರು. ದ್ರಾಕ್ಷಿಯ ಚಪ್ಪರಕ್ಕೆ ಕಂಬ ಮಾಡಿದರು.

ಘಟ್ಟದ ಕೆಳಗೆ ಮಾತ್ರ ಕಲ್ಲು ಬೇರೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ತೆಂಗು ಅಡಕೆಗಳ ತೋಟಕ್ಕೆ ಆವರಣವಾದುದು ಜಂಬಿಟ್ಟಿಗೆಯ ಕಲ್ಲು, ಎಂದರೆ ಆ ಕಡೆಯವರ ಮುರಕಲ್ಲು. ನೆಲದಲ್ಲಿರುವಾಗ ಕೊಡಲಿಗೆ ಕಡಿಯುವಷ್ಟು ಮೆತ್ತಗಿರುವ ಇದು ಗಾಳಿಗೆ ಒಡ್ಡಿದಮೇಲೆ ಗಟ್ಟಿಯಾಗುತ್ತದೆ. 1800-01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರು 1807ರ ತಮ್ಮ ಗ್ರಂಥದಲ್ಲಿ ಇದನ್ನು ‘ಲ್ಯಾಟರೈಟ್’ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ಜನರ ಮಾತಿನಲ್ಲಿಯೂ ಇಟ್ಟಿಗೆಯೇ ಇರುವುದು ಗಮನಾರ್ಹ.

ಗೋಡೆಯ ಹಿಂದಿನ ನೀರು

ಇಳಿಜಾರಿನ ನೆಲದಲ್ಲಿ ತೋಟ ಮಾಡುವವರು ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಕಲ್ಲಿನ ತಡೆಗೋಡೆಯನ್ನು ಕೊಡುತ್ತಾರೆ. ಇಂತಹ ಗೋಡೆಗೆ ಬೀಳುವ ಭಾರವೆಷ್ಟು? ಮಣ್ಣಿನ ಒತ್ತಡವನ್ನು ಲೆಕ್ಕ ಹಾಕುವ ಮಾರ್ಗವನ್ನು ಮೊದಲು ತೋರಿಸಿದವರು ಫ್ರಾನ್ಸಿನ ಎಂಜಿನಿಯರ್ ಕುಲೋಂ ಅವರು. ವಿದ್ಯುತ್ತಿನ ಪಾಠದಲ್ಲಿ ವಿದ್ಯಾರ್ಥಿಗಳು ಕಾಣುವ ಕುಲೋಂ ಇವರೇ. ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆಯನ್ನು ಕಟ್ಟಿಸಿದ ಅನುಭವ ಅವರಿಗಿತ್ತು. 1776ರಲ್ಲಿ ಅವರ ಪ್ರಬಂಧ ಅಚ್ಚಾಯಿತು.

ಎರಡು ಮೀಟರ್ ಎತ್ತರದ ಗೋಡೆಯೊಂದನ್ನು ತೆಗೆದುಕೊಳ್ಳೋಣ. ಹಿಂದಿರುವ ಸಾಧಾರಣ ಮಣ್ಣು ಒಣಗಿದ್ದರೆ, ಗೋಡೆಯ ಉದ್ದದ ಪ್ರತಿ ಮೀಟರಿಗೂ ಅದು ಸುಮಾರು 1.2 ಟನ್ನಿನಷ್ಟು ನೂಕುತ್ತದೆ. ಮಳೆ ಸುರಿದು, ನೀರು ಹೊರಕ್ಕೆ ಹೋಗಲು ದಾರಿಯಿಲ್ಲದೆ ಮಣ್ಣಿನಲ್ಲಿ ಗೋಡೆಯ ತಲೆಯವರೆಗೆ ನಿಂತಿತೆನ್ನಿ. ಆಗ ಆ ನೀರೊಂದೇ 2 ಟನ್ನಿನಷ್ಟು ನೂಕುತ್ತದೆ. ನೀರಿನಲ್ಲಿ ಮುಳುಗಿದ ಮಣ್ಣಿನ ಪಾಲು ಇನ್ನೂ ಸುಮಾರು 0.7 ಟನ್. ಒಟ್ಟು 2.7 ಟನ್, ಎಂದರೆ ಮೊದಲಿನ ಎರಡು ಪಾಲಿಗಿಂತಲೂ ಹೆಚ್ಚು. ಮಳೆಗಾಲದಲ್ಲಿ ಬೀಳುವ ಗೋಡೆಗಳನ್ನು ಅನೇಕ ವೇಳೆ ಕೆಡಹುವುದು ಮಣ್ಣಲ್ಲ, ಬೇರೂ ಅಲ್ಲ. ದಾರಿ ಕಾಣದ ನೀರು.

ಗಾರೆಯಿಲ್ಲದೆ ಬರಿಗಲ್ಲಿನಿಂದ ಕಟ್ಟಿದ ಗೋಡೆಯ ಗುಣ ಇಲ್ಲಿ ಪ್ರಕಟವಾಗುತ್ತದೆ. ಅದರ ಪ್ರತಿಯೊಂದು ಸಂದೂ ನೀರಿಗೆ ಬಾಗಿಲು. ನೀರು ಬಸಿದುಹೋಗುತ್ತದೆ, ಮಣ್ಣು ಉಳಿಯುತ್ತದೆ. ನೆಲ ಸ್ವಲ್ಪ ಕುಸಿದರೂ ಇಂತಹ ಗೋಡೆ ಮೈಯನ್ನು ಹೊಂದಿಸಿಕೊಳ್ಳುತ್ತದೆ. ಸಿಮೆಂಟಿನ ಗೋಡೆ ಸೀಳುತ್ತದೆ. ನೀರು ಬಸಿಯುವುದು ಮರಕ್ಕೂ ಹಿತ. ಬೇರುಗಳಿಗೆ ನೀರು ಬೇಕಾದಂತೆಯೇ ಗಾಳಿಯೂ ಬೇಕು. ತೆಂಗಿನ ಬೇರುಗಳ ಮೇಲೆ ಅಲ್ಲಲ್ಲಿ ಚೂಪಾದ ಬಿಳಿಯ ಮೊಳಕೆಗಳಂತೆ ಕಾಣುವುವು ಉಸಿರುಬೇರುಗಳು. ನೀರು ನಿಂತ ಮಣ್ಣಿನಲ್ಲಿ ಇವುಗಳಿಗೆ ಉಸಿರು ಸಿಕ್ಕುವುದಿಲ್ಲ. ಮಲೆನಾಡಿನ ಅಡಕೆಯ ತೋಟಗಳಲ್ಲಿ ಸಾಲುಗಳ ನಡುವೆ ಬಸಿಗಾಲುವೆಗಳನ್ನು ತೋಡಿ, ಅವುಗಳನ್ನು ವರ್ಷಕ್ಕೊಮ್ಮೆ ಶುದ್ಧಿ ಮಾಡುವುದರ ರಹಸ್ಯವೂ ಇದೇ.

ಈ ಕಲೆ ನಮ್ಮದು ಮಾತ್ರವಲ್ಲ. ಒಮಾನ್ ದೇಶದ ಬೆಟ್ಟಗಳ ಮಗ್ಗುಲಿನಲ್ಲಿ ಖರ್ಜೂರದ ತೋಟಗಳು ಬರಿಗಲ್ಲಿನ ಗೋಡೆಗಳ ಆಧಾರದಿಂದಲೇ ನಿಂತಿವೆ. ಯೂರೋಪಿನ ಎಂಟು ದೇಶಗಳ ಬರಿಗಲ್ಲು ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರಕೃತಿಯೇ ಕಲ್ಲನ್ನೂ ತಾಳೆಯನ್ನೂ ಕೂಡಿಸಿರುವ ಉದಾಹರಣೆಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯ ಮರುಭೂಮಿಯಲ್ಲಿ ವಾಷಿಂಗ್ಟೋನಿಯ ಎಂಬ ಬೀಸಣಿಗೆಯ ಎಲೆಯ ತಾಳೆ, ನೆಲ ಬಿರಿದು ಒಸರುನೀರು ಮೇಲಕ್ಕೆ ಬರುವ ಕಡೆಗಳಲ್ಲಿ ಗುಂಪುಗುಂಪಾಗಿ ಬೆಳೆಯುತ್ತದೆ. ಭೂಕಂಪಗಳಿಗೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಗೆರೆಯನ್ನು ಕೆಲವು ಕಡೆ ಈ ತಾಳೆಗಳ ಸಾಲಿನಿಂದಲೇ ಗುರುತಿಸಬಹುದು.

ಹಗಲಿನ ಬಿಸಿಲು, ರಾತ್ರಿಯ ಬೆಚ್ಚಗು

ತೆಂಗು ಬೆಚ್ಚಗಿನ ಕರಾವಳಿಯ ಮರ. ವರ್ಷದ ಸರಾಸರಿ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಅದಕ್ಕೆ ತೃಪ್ತಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. 1884ರ ಜನವರಿಯಲ್ಲಿ ಇಲ್ಲಿಯ ಉಷ್ಣತೆ 7.8 ಡಿಗ್ರಿಗೆ ಇಳಿದಿತ್ತು. ಚಳಿಗಾಲದ ರಾತ್ರಿಗಳಲ್ಲಿ ಎಳೆಯ ತಾಳೆಯ ಗಿಡಕ್ಕೆ ಕಲ್ಲಿನ ಗೋಡೆ ಸ್ವಲ್ಪ ನೆರವಾಗಬಲ್ಲುದು.

ಇದು ಹೇಗೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಘನ ಮೀಟರ್ ಗಟ್ಟಿ ಕಲ್ಲಿನ ತೂಕ ಸುಮಾರು 2.65 ಟನ್. ಹಗಲೆಲ್ಲ ಕಾದ ಈ ಕಲ್ಲು ರಾತ್ರಿ 10 ಡಿಗ್ರಿ ತಣಿದರೆ, ಹೊರಕ್ಕೆ ಬರುವ ಶಾಖ ಸುಮಾರು 5000 ಕಿಲೊಕೆಲೊರಿ. ಅಷ್ಟು ಶಾಖದಿಂದ 60 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಒಣಮಣ್ಣಿಗಿಂತ ಕಲ್ಲು ಶಾಖವನ್ನು ಬೇಗ ಒಳಕ್ಕೆ ಒಯ್ಯುತ್ತದೆ. ಕಲ್ಲಿನಲ್ಲಿ ಸುಮಾರು 18 ಸೆಂಟಿಮೀಟರ್ ಆಳಕ್ಕೆ ಹೋದಮೇಲೆ ಹಗಲುರಾತ್ರಿಗಳ ಉಷ್ಣತೆಯ ಏರಿಳಿತ ಮೇಲ್ಮೈಯಲ್ಲಿದ್ದುದರ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಣಮಣ್ಣಿನಲ್ಲಿ ಎಂಟು ಹತ್ತು ಸೆಂಟಿಮೀಟರಿಗೇ ಹೀಗಾಗುತ್ತದೆ. ಆದುದರಿಂದ ಹಗಲಿನ ಬಿಸಿಲನ್ನು ಕೂಡಿಟ್ಟು ರಾತ್ರಿಗೆ ಕೊಡುವ ಕೆಲಸವನ್ನು ಕಲ್ಲು ಮಣ್ಣಿಗಿಂತ ಚೆನ್ನಾಗಿ ಮಾಡುತ್ತದೆ.

ಆದರೆ ಈ ಗುಣವೇ ದೋಷವಾಗಬಹುದು. ಅಡಕೆಯ ಕಾಂಡ ಇಳಿಬಿಸಿಲನ್ನು ತಾಳಲಾರದು. ನೈಋತ್ಯದ ಬಿಸಿಲು ಬಿದ್ದ ಮಗ್ಗುಲು ಬೆಂದು ಸೀಳುತ್ತದೆ. ಕೇಂಬಿಯಂ ಇಲ್ಲದ ಕಾರಣ ಆ ಗಾಯ ಕೂಡಿಕೊಳ್ಳುವುದಿಲ್ಲ. ಅದಕ್ಕಾಗಿಯೇ ತೋಟಿಗರು ಎಳೆಯ ಕಾಂಡಗಳಿಗೆ ಅಡಕೆಯ ಹಾಳೆಯನ್ನು ಕಟ್ಟುತ್ತಾರೆ, ಅಥವಾ ಸುಣ್ಣ ಬಳಿಯುತ್ತಾರೆ. ಪಶ್ಚಿಮಕ್ಕೆ ಮುಖವಾದ ಕಲ್ಲಿನ ಗೋಡೆಯ ಎದುರಿಗೇ ಅಡಕೆಯನ್ನು ನೆಡುವುದು ಬಿಸಿಲಿನ ಮೇಲೆ ಇನ್ನಷ್ಟು ಶಾಖವನ್ನು ಹೇರಿದಂತೆ.

ಮರವನ್ನು ಕೊಲ್ಲುವ ಕಟ್ಟೆ

ಈಗ ಹಿತ್ತಿಲಿನ ಎರಡನೆಯ ಮರಕ್ಕೆ ಬರೋಣ. ಮೊದಲನೆಯ ಮರದ ಪಾಯವನ್ನು ಕಣ್ಣಾರೆ ಕಂಡಮೇಲೆ ಇದನ್ನು ಉಳಿಸಬೇಕೆಂದು ಮನೆಯವರೆಲ್ಲರೂ ಒಪ್ಪಿದರು. ಅಂಗಳವನ್ನು ರಸ್ತೆಯ ಮಟ್ಟಕ್ಕೆ ಎರಡಡಿ ಎತ್ತರಿಸಬೇಕಾಗಿತ್ತು. ಮರದ ಬುಡಕ್ಕೆ ಮಣ್ಣು ತುಂಬಿ, ಸುತ್ತಲೂ ಸಿಮೆಂಟಿನ ಅಂದವಾದ ಕಟ್ಟೆಯನ್ನು ಕಟ್ಟೋಣವೆಂಬುದು ಮೇಸ್ತ್ರಿಯ ಸೂಚನೆ. ಪ್ರೀತಿಯಿಂದ ಹೊರಟ ಈ ಸೂಚನೆ ಕೊಡಲಿಗಿಂತ ನಿಧಾನವಾದ, ಆದರೆ ಅಷ್ಟೇ ಖಚಿತವಾದ ಕೊಲೆಯಾಗಬಹುದಾಗಿತ್ತು.

ತೆಂಗಿನ ಬುಡಕ್ಕೆ ವರ್ಷಕ್ಕಿಷ್ಟು ಮಣ್ಣು ಏರಿಸುವುದು ವಾಡಿಕೆಯೇ. ಮರ ಹೊಸ ಬೇರುಗಳನ್ನು ಬಿಟ್ಟು ಅದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಒಂದೇ ಸಲ ಎರಡಡಿ ಮಣ್ಣನ್ನು ಒತ್ತಿ ತುಂಬಿ, ಮೇಲೆ ಸಿಮೆಂಟ್ ಹಾಸಿದರೆ ಹಳೆಯ ಬೇರುಗಳಿಗೆ ಗಾಳಿಯೂ ಮಳೆಯ ನೀರೂ ನಿಂತುಹೋಗುತ್ತವೆ. ಸಿಮೆಂಟಿನಿಂದಲೂ ಸುಣ್ಣದ ಗಾರೆಯಿಂದಲೂ ಒಸರುವ ಕ್ಷಾರ ಮಣ್ಣನ್ನು ಸೇರಿದಾಗ ಕಬ್ಬಿಣ ಮತ್ತು ಮ್ಯಾಂಗನೀಸುಗಳು ಬೇರಿಗೆ ಸುಲಭವಾಗಿ ದೊರೆಯುವುದಿಲ್ಲ. ತಾಳೆಯ ಜಾತಿಯ ಮರಗಳಲ್ಲಿ ಹೊಸ ಗರಿಗಳು ಹಳದಿಯಾಗಿ, ಮುರುಟಿ ಹೊರಬರುತ್ತವೆ. ತೆಂಗಿಗಿರುವುದು ಒಂದೇ ಸುಳಿ. ಕೊಂಬೆ ಒಣಗಿದ ಮಾವು ಮತ್ತೊಂದು ಕಡೆ ಚಿಗುರಬಲ್ಲುದು. ಸುಳಿ ಸತ್ತ ತೆಂಗಿಗೆ ಎರಡನೆಯ ಅವಕಾಶವಿಲ್ಲ.

ಹಾಗಾದರೆ ಕಟ್ಟುವ ಬಗೆ ಯಾವುದು? ಮೇಲಿನ ವಿಷಯಗಳಿಂದಲೇ ನಿಯಮಗಳು ದೊರೆಯುತ್ತವೆ.

ಮೊದಲನೆಯದು ದೂರ. ತೆಂಗಿನ ಬುಡದಿಂದ ಎರಡು ಮೀಟರಿನ ವೃತ್ತವನ್ನು ಸಾಧ್ಯವಾದಷ್ಟು ಅಗೆಯದೆ, ಮುಚ್ಚದೆ ಬಿಡಬೇಕು. ಸುತ್ತಲಿನ ನೆಲವನ್ನು ಎತ್ತರಿಸಬೇಕಾದರೆ ಈ ವೃತ್ತದ ಅಂಚಿನಲ್ಲಿ ಬರಿಗಲ್ಲಿನ ಗೋಡೆಯನ್ನು ಕಟ್ಟಿ, ಮರವು ಆಳವಿಲ್ಲದ ಕಲ್ಲಿನ ಬಾವಿಯೊಂದರಲ್ಲಿ ತನ್ನ ಹಳೆಯ ಮಟ್ಟದಲ್ಲೇ ನಿಲ್ಲುವಂತೆ ಮಾಡಬೇಕು. ಅಲ್ಲಿ ನೀರು ನಿಲ್ಲದಂತೆ ಹೊರಕ್ಕೆ ದಾರಿ ಕೊಡಬೇಕು. ನೆಲವನ್ನು ತಗ್ಗಿಸಬೇಕಾದರೆ ಅದೇ ವೃತ್ತವನ್ನು ದಿಬ್ಬದಂತೆ ಉಳಿಸಿ, ಹೊರಗಿನಿಂದ ಕಲ್ಲಿನ ಆಸರೆಯನ್ನು ಕೊಡಬೇಕು. ಜಾಗ ಇಕ್ಕಟ್ಟಾದರೆ ವೃತ್ತ ಸ್ವಲ್ಪ ಚಿಕ್ಕದಾಗಬಹುದು; ಆದರೆ ಗೋಡೆ ಕಾಂಡಕ್ಕೆ ಅಂಟಬಾರದು.

ಎರಡನೆಯದು ಗೋಡೆಯ ರಚನೆ. ತಳಕ್ಕೆ ದೊಡ್ಡ ಕಲ್ಲುಗಳನ್ನು ಗಟ್ಟಿನೆಲದ ಮೇಲೆ ಕೂಡಿಸಬೇಕು. ಬುಡದ ಅಗಲ ಎತ್ತರದ ಅರ್ಧದಷ್ಟಾದರೂ ಇರಲಿ. ಒಂದು ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಕಲ್ಲು ಬರಬೇಕು. ಸಂದಿನ ಮೇಲೆ ಸಂದು ಬರಬಾರದು. ಅಲ್ಲಲ್ಲಿ ಗೋಡೆಯ ದಪ್ಪವನ್ನೆಲ್ಲ ವ್ಯಾಪಿಸುವ ಉದ್ದಗಲ್ಲನ್ನು ಅಡ್ಡಲಾಗಿ ಇಟ್ಟರೆ ಮುಂದಿನ ಮೈಯೂ ಹಿಂದಿನ ಮೈಯೂ ಬೇರೆಯಾಗುವುದಿಲ್ಲ. ಗೋಡೆಯು ಮೇಲೇರಿದಂತೆ ಆರು ಅಡಿಗೆ ಒಂದಡಿಯಷ್ಟು ಮಣ್ಣಿನ ಕಡೆಗೆ ವಾಲಿರಬೇಕು. ಬೆನ್ನಿಗೆ ಜಲ್ಲಿಯನ್ನು ತುಂಬಿದರೆ ನೀರು ಸಲೀಸಾಗಿ ಇಳಿಯುತ್ತದೆ. ಎದೆಯೆತ್ತರಕ್ಕಿಂತ ಮೇಲಿನ ತಡೆಗೋಡೆಯನ್ನು ಬಲ್ಲ ಎಂಜಿನಿಯರನ್ನು ಕೇಳದೆ ಕಟ್ಟಬಾರದು. ಗಾರೆ ಹಾಕಲೇಬೇಕಾದ ಕಡೆ ನೀರು ಹೊರಬರಲು ಕೊಳವೆಗಳನ್ನು ಬಿಡುವುದು ಕಡ್ಡಾಯ.

ಮೂರನೆಯದು ಬುಡದ ಹೊದಿಕೆ. ವೃತ್ತದೊಳಗೆ ತರಗೆಲೆಯ ಮೇಲೆ ಒಂದು ಪದರ ಸಣ್ಣ ಕಲ್ಲುಗಳನ್ನು ಬಿಡಿಬಿಡಿಯಾಗಿ ಹರಡಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ; ಮಳೆಯ ಹನಿಗಳು ಮಣ್ಣನ್ನು ಕೊಚ್ಚುವುದಿಲ್ಲ. ಗೋಡೆಯ ಹಿಂದೆ ಕೊಳೆಯುವ ಕಾಂಡಗಳನ್ನೂ ಗೊಬ್ಬರದ ರಾಶಿಯನ್ನೂ ಮಾತ್ರ ಬಿಡಬಾರದು. ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಅಂತಹ ಕಡೆಯಲ್ಲಿಯೇ. ಬರಿಗಲ್ಲಿನ ಸಂದುಗಳಲ್ಲಿ ಹಲ್ಲಿ ಓತಿಗಳ ಜೊತೆಗೆ ಚೇಳೂ ಇರಬಹುದಾದುದರಿಂದ ಕೈಯಿಡುವ ಮುನ್ನ ನೋಡುವುದು ಒಳ್ಳೆಯದು.

ಗಾಂಧಿನಗರದ ಆ ಹಿತ್ತಿಲಿನಲ್ಲಿ ಎರಡು ಮೀಟರಿನ ಪೂರ್ಣ ವೃತ್ತಕ್ಕೆ ಜಾಗವಿರಲಿಲ್ಲ, ಐದಡಿ ಸಿಕ್ಕಿತು. ಹಳೆಯ ಮನೆಯನ್ನು ಕೆಡವಿದಾಗ ಬಂದ ಕಲ್ಲುಗಳನ್ನೇ ಬಳಸಿದರು. ಮೊದಲ ಮರವನ್ನು ಕಡಿಸಿದ ಮೇಸ್ತ್ರಿಯೇ ನೂಲು ಹಿಡಿದು, ಗಾರೆಯಿಲ್ಲದೆ ಒಂದೊಂದೇ ಕಲ್ಲನ್ನು ತಿರುಗಿಸಿ ನೋಡಿ ಕೂಡಿಸಿದನು. ಸೆಪ್ಟೆಂಬರಿನ ಜೋರು ಮಳೆಯಲ್ಲಿ ಗೋಡೆಯ ಸಂದುಗಳಿಂದ ನೀರು ಸೋರಿಬಂದುದನ್ನು ಕಂಡು ಮನೆಯ ಹುಡುಗರು ಗಾಬರಿಪಟ್ಟರಂತೆ. ಸೋರುವುದೇ ಅದರ ಕೆಲಸವೆಂದು ಆ ತಾಯಿ ಅವರಿಗೆ ಹೇಳಿದರು. ನಾವು ಕಳೆದ ಸಲ ಹೋದಾಗ ಗೋಡೆ ನೇರವಾಗಿತ್ತು. ಮರದಲ್ಲಿ ಹೊಸ ಹೊಂಬಾಳೆ ಬಿಚ್ಚಿತ್ತು. ಮೊದಲನೆಯ ಮರವಿದ್ದ ಜಾಗದಲ್ಲಿ ಈಗ ಸಿಮೆಂಟಿನ ನೆಲವಿದೆ.

ಹಳೆಯ ಮನೆಗಳು ಬೀಳುತ್ತಿರುವ ಬಡಾವಣೆಗಳಲ್ಲಿ ಇಂತಹ ತೀರ್ಮಾನಗಳು ದಿನವೂ ನಡೆಯುತ್ತಿವೆ. ನಿಮ್ಮ ಬೀದಿಯಲ್ಲಿ ಯಾರಾದರೂ ತೆಂಗಿನ ಮರಕ್ಕೆ ಕೊಡಲಿಯೆತ್ತುವ ಮುಂಚೆ, ಪಾಯದ ಬಳಿ ಒಂದೆರಡಡಿ ಅಗೆದು ಬೇರನ್ನು ನೋಡಿರೆಂದು ಹೇಳಿ. ಒಂದು ಗಂಟೆಯ ಕೆಲಸ; ನಲವತ್ತು ವರ್ಷದ ಮರ.